ಕಲಿಕೆಯ ಒರೆಗಲ್ಲು

ವಿದ್ಯೆಯನ್ನು ಕಲಿಸುವ ಕಾರ್ಯ ಎಷ್ಟು ಪ್ರಾಚೀನವೋ, ಕಲಿತುದನ್ನು ಒರೆಗೆ ಹಚ್ಚಿ ನೋಡುವ ಕಾರ್ಯವೂ ಅಷ್ಟೇ ಪ್ರಾಚೀನವಾದುದು. ಕಲಿಸಿದವನಿಗೆ ತನ್ನ ಶ್ರಮ ಫಲಿಸಿತೋ ಇಲ್ಲವೋ ತಿಳಿಯಬೇಕು. ಕಲಿತವನಿಗೆ ತಾನು ಎಲ್ಲಿಯವರೆಗೆ ಬಂದಿದ್ದೇನೆಂಬುದು ತಿಳಿಯಬೇಕು. ಇವರಿಬ್ಬರನ್ನೂ ಪೋಷಿಸುವ ಸಮಾಜಕ್ಕೆ ತಾನು ವೆಚ್ಚ ಮಾಡಿದ ಹಣ ಸಾರ್ಥಕವಾಯಿತೇ ಎಂಬುದು ತಿಳಿಯಬೇಕು. ಈ ಮೂವರ ಅಪೇಕ್ಷೆಗಳೂ ನ್ಯಾಯವಾದವೇ. ಆದರೆ ಮೂವರಿಗೂ ಒಂದೇ ಅಳತೆಗೋಲು ಸಾಕೆಂದು ಭಾವಿಸಿದಾಗ ತೊಡಕು ಹುಟ್ಟುತ್ತದೆ. ಪರೀಕ್ಷೆಯನ್ನು ಕುರಿತು ಇಂದು ನಡೆದಿರುವ ವಾದವಿವಾದಗಳ ಬೇರು ಬಹುಮಟ್ಟಿಗೆ ಈ ತೊಡಕಿನಲ್ಲಿಯೇ ಇದೆ.

ಮೊದಲು ಶಬ್ದಗಳನ್ನು ವಿಚಾರಿಸುವುದು ಯುಕ್ತ. 'ಪರೀಕ್ಷೆ' ಎಂಬ ಸಂಸ್ಕೃತ ಪದದಲ್ಲಿ 'ಪರಿ' ಎಂದರೆ ಸುತ್ತಲೂ, 'ಈಕ್ಷೆ' ಎಂದರೆ ನೋಟ. ಎಲ್ಲ ಮಗ್ಗುಲುಗಳಿಂದಲೂ ನೋಡುವುದೇ ಪರೀಕ್ಷೆ. ಕನ್ನಡದ 'ಒರೆ' ಎಂಬುದು ಅಕ್ಕಸಾಲಿಗನ ಮಾತು. ಚಿನ್ನವನ್ನು ಕಲ್ಲಿಗೆ ತಿಕ್ಕಿದಾಗ ಮೂಡುವ ಗೆರೆಯ ಬಣ್ಣದಿಂದ ಅದರ ಹದ ತಿಳಿಯುತ್ತದೆ. ಚಿನ್ನವಾದರೋ ಕೆಡದೆ ಉಳಿಯುತ್ತದೆ. 'ಮೌಲ್ಯಮಾಪನ' ಎಂಬುದು ಈಚಿನ ಮಾತು. ಬೆಲೆಯನ್ನು ಅಳೆಯುವುದು ಎಂಬ ಅರ್ಥ ಅದಕ್ಕಿದೆ. ಸುತ್ತಲೂ ನೋಡುವುದು, ಕೆಡಿಸದೆ ಹದ ತಿಳಿಯುವುದು, ಬೆಲೆ ಕಟ್ಟುವುದು ಎಂಬ ಈ ಮೂರೂ ಬೇರೆ ಬೇರೆ ಕ್ರಿಯೆಗಳು. ವ್ಯವಹಾರದಲ್ಲಿ ಮಾತ್ರ ಮೊದಲಿನ ಎರಡು ಅರ್ಥಗಳು ಮರೆಯಾಗಿ, ಮೂರು ತಾಸಿನ ಒಂದು ಪತ್ರಿಕೆ, ಅದರ ಕೊನೆಗೆ ಒಂದು ಸಂಖ್ಯೆ ಎಂಬ ಅರ್ಥವೊಂದೇ ಉಳಿದಿದೆ.

ಧಾರವಾಡ ಜಿಲ್ಲೆಯ ಒಕ್ಕಲಿಗರಿಗೆ ಈ ಭೇದವನ್ನು ಬೇರೆ ವಿವರಿಸಬೇಕಾಗಿಲ್ಲ. ಬೆಳೆ ಬಂದ ಮೇಲೆ ಅದು ಎಷ್ಟು ಆಣೆಯ ಬೆಳೆ ಎಂದು ಸರಕಾರದವರು ಅಂದಾಜು ಮಾಡುವ ಆಣೆವಾರಿಯ ಕ್ರಮ ಮುಂಬಯಿ ಆಡಳಿತದ ಕಾಲದಿಂದ ಈ ಭಾಗದಲ್ಲಿ ಪರಿಚಿತವಾದುದು. ಹದಿನಾರಾಣೆ ಎಂದರೆ ಪೂರ್ಣ ಬೆಳೆ. ಕಂದಾಯವನ್ನು ಮುಂದೂಡಬೇಕೋ ಬೇಡವೋ ಎಂಬ ನಿರ್ಣಯಕ್ಕೆ ಅದು ಅವಶ್ಯವಾದ ಲೆಕ್ಕ. ಆದರೆ ಆಣೆವಾರಿಯಿಂದ ಒಂದು ತೆನೆಯೂ ಹೆಚ್ಚು ಬೆಳೆಯುವುದಿಲ್ಲ. ಅದಕ್ಕೂ ಬಹು ಮುಂಚೆ, ಪೈರು ಗೇಣುದ್ದ ಇದ್ದಾಗಲೇ, ನವಲಗುಂದದ ಎರೆಯ ಹೊಲದಲ್ಲಿ ಒಕ್ಕಲಿಗನು ಸಾಲು ಸಾಲು ತಿರುಗಿ ನೋಡುತ್ತಾನೆ. ಎಲ್ಲಿ ನಾಟಿಲ್ಲ, ಎಲ್ಲಿ ಕಸ ಹೆಚ್ಚಿದೆ, ಎಲ್ಲಿ ನೀರು ನಿಂತಿದೆ ಎಂಬುದನ್ನು ಅರಿತು ಎಡೆಕುಂಟೆ ಹೂಡುತ್ತಾನೆ. ಅದೂ ಒಂದು ಪರೀಕ್ಷೆಯೇ. ಅಲ್ಲಿ ಸಂಖ್ಯೆಯಿಲ್ಲ, ದಾಖಲೆಯಿಲ್ಲ. ಆದರೆ ಬೆಳೆಯ ಭವಿತವ್ಯ ಆ ನೋಟದ ಮೇಲೆ ನಿಂತಿದೆ.

ಶಿಕ್ಷಣಶಾಸ್ತ್ರದಲ್ಲಿ ಇದೇ ಭೇದವನ್ನು 1967ರಲ್ಲಿ ಮೈಕೆಲ್ ಸ್ಕ್ರಿವೆನ್ ಎಂಬ ವಿದ್ವಾಂಸರು ಎರಡು ಹೆಸರುಗಳಿಂದ ಗುರುತಿಸಿದರು. ಆ ಹೆಸರುಗಳೇ ಕರ್ನಾಟಕದ ಶಾಲೆಗಳಲ್ಲಿ ಇಂದು ರೂಪಣಾತ್ಮಕ ಮೌಲ್ಯಮಾಪನ, ಸಂಕಲನಾತ್ಮಕ ಮೌಲ್ಯಮಾಪನ ಎಂದು ಬಳಕೆಯಾಗುತ್ತಿವೆ. ಕಲಿಕೆ ನಡೆದಿರುವಾಗಲೇ ಅದನ್ನು ತಿದ್ದಲು ನೋಡುವ ನೋಟ ಮೊದಲನೆಯದು. ಕಲಿಕೆ ಮುಗಿದ ಮೇಲೆ ಅದರ ಮೊತ್ತ ಹೇಳುವುದು ಎರಡನೆಯದು. ಹೆಸರು ಹೊಸದಾದರೂ ಎರಡೂ ಕ್ರಮಗಳು ಈ ನೆಲದಲ್ಲಿ ಹಿಂದಿನಿಂದಲೂ ಇದ್ದವು. ಅವು ಹೇಗಿದ್ದವು, ಒಂದು ಮತ್ತೊಂದನ್ನು ಹೇಗೆ ಹಿಂದೆ ತಳ್ಳಿತು ಎಂಬುದನ್ನು ಅರಿತರೆ ಇಂದಿನ ಸಮಸ್ಯೆಯ ಸ್ವರೂಪ ಸ್ಪಷ್ಟವಾದೀತು.

ಐಗಳ ಮಠದಿಂದ ಮುಲ್ಕಿ ಪರೀಕ್ಷೆಗೆ

ಸರಕಾರಿ ಶಾಲೆಗಳು ಹರಡುವ ಮೊದಲು ಹಳ್ಳಿಯ ಮಕ್ಕಳು ಐಗಳ ಮಠಗಳಲ್ಲಿ ಕಲಿಯುತ್ತಿದ್ದರು. ಇಂಥ ಮಠಗಳ ದಿನಚರಿಯನ್ನು ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್‌ರು 1823ರ ಆಗಸ್ಟಿನಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿಯಲ್ಲಿ ವಿವರವಾಗಿ ವರ್ಣಿಸಿದ್ದಾರೆ. ಆಗಿನ ವಿಶಾಲ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರೆಂದೂ ಅವುಗಳಲ್ಲಿ 235 ಕನ್ನಡ ಶಾಲೆಗಳೆಂದೂ ಅವರು ಲೆಕ್ಕ ಕೊಟ್ಟಿದ್ದಾರೆ. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳನ್ನು ಅವರು ಬೇರೆಯಾಗಿಯೇ ಪಟ್ಟಿ ಮಾಡಿದ್ದಾರೆ. ಆಂಗ್ಲ ಲಿಪಿಯಲ್ಲಿ ರೂಪ ಕೆಟ್ಟಿದ್ದರೂ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮುಂತಾದ ಹೆಸರುಗಳನ್ನು ಆ ಪಟ್ಟಿಯಲ್ಲಿ ಸುಲಭವಾಗಿ ಗುರುತಿಸಬಹುದು.

ಆ ವರದಿಯಲ್ಲಿ ಪರೀಕ್ಷೆಯ ವಿಷಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಯಲ್ಲಿ ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ಇದು ಕಲಿಕೆಯ ಅಳತೆಯಲ್ಲ, ಸರದಿಯ ಅಳತೆ ಮಾತ್ರ. ಹತ್ತನೆಯವನು ವಿದ್ಯೆಯಲ್ಲಿ ಮೊದಲನೆಯವನಿರಬಹುದು. ಅವನ ಮನೆ ಊರ ಹೊರಗಿರಬಹುದು. ಒಬ್ಬನು ಮೇಲಾಗಬೇಕಾದರೆ ಮತ್ತೊಬ್ಬನು ಕೆಳಗಾಗಲೇಬೇಕೆಂಬ ಈ ಪದ್ಧತಿ ಕೈಯ ಮೇಲಿನಿಂದ ಪ್ರಗತಿಪತ್ರದ 'ಕ್ರಮಾಂಕ'ಕ್ಕೆ ಬಂದು ಇಂದಿಗೂ ಜೀವಂತವಾಗಿದೆ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಮಕ್ಕಳನ್ನು ಅವರವರ ಪ್ರಗತಿಗೆ ತಕ್ಕಂತೆ ಗುಂಪುಮಾಡಿ, ಕೆಳಗಿನ ಗುಂಪುಗಳನ್ನು ಮೇಲಿನವರ ಕೈಗೆ ಒಪ್ಪಿಸಿ, ಎಲ್ಲರ ಮೇಲೂ ಐಗಳು ಕಣ್ಣಿಡುವ ಕ್ರಮವನ್ನು ಕ್ಯಾಂಪ್‌ಬೆಲ್‌ರು ಮೆಚ್ಚಿದ್ದಾರೆ. ಮರಳಿನ ಮೇಲೆ ತಿದ್ದಿದ ಅಕ್ಷರ ತಪ್ಪಾದರೆ ಆ ಕ್ಷಣವೇ ಅಳಿಸಿ ಮತ್ತೆ ತಿದ್ದಬಹುದು. ಬಾಯಿಲೆಕ್ಕ, ಮಗ್ಗಿಗಳಲ್ಲಿ ತಪ್ಪಿದವನು ಅಲ್ಲಿಯೇ ಸಿಕ್ಕಿಬೀಳುತ್ತಿದ್ದನು. ಆದರೆ ಕಾವ್ಯಗಳ ಓದಿನಲ್ಲಿ ದೊಡ್ಡ ಕೊರತೆಯಿತ್ತು. ಗ್ರಂಥಗಳ ಭಾಷೆ ಆಡುಮಾತಿಗಿಂತ ಬಹು ದೂರವಾದುದರಿಂದ ಮಕ್ಕಳು ಅರ್ಥವರಿಯದೆ ಗಿಳಿಗಳಂತೆ ಪದ್ಯಗಳನ್ನು ಒಪ್ಪಿಸುತ್ತಿದ್ದರೆಂದು ಅದೇ ವರದಿ ಹೇಳುತ್ತದೆ. ಬಾಯಿಪಾಠ ಒಪ್ಪಿಸಿದುದೇ ಕಲಿತುದಕ್ಕೆ ಸಾಕ್ಷಿ ಎಂದು ಒಮ್ಮೆ ಒಪ್ಪಿಕೊಂಡರೆ, ಅರ್ಥವನ್ನು ಕಲಿಸುವ ಅಗತ್ಯವೇ ಬೀಳುವುದಿಲ್ಲ. ಯಾವುದನ್ನು ಕೇಳುತ್ತಾರೋ ಅದನ್ನೇ ಕಲಿಸುತ್ತಾರೆ ಎಂಬ ನಿಯಮ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆ ಧಾರವಾಡ ಜಿಲ್ಲೆಯ ಹಳ್ಳಿಗಳನ್ನು ತಲುಪಿತು. ಇಯತ್ತೆಗಳೂ ಪಠ್ಯಪುಸ್ತಕಗಳೂ ಬಂದವು. ವರ್ಷಕ್ಕೊಮ್ಮೆ ಶಾಲೆ ತಪಾಸಣೆಗೆ ಬರುವ ಡೆಪ್ಯೂಟಿ ಸಾಹೇಬರೂ ಬಂದರು. ಕನ್ನಡ ಶಾಲೆಗಳ ಉನ್ನತಿಗೆ ಶ್ರಮಿಸಿದ ಚನ್ನಬಸಪ್ಪನವರ ಹೆಸರಿಗೆ ಆ ಹುದ್ದೆಯೇ ಅಂಟಿಕೊಂಡು ಅವರು ಡೆಪ್ಯೂಟಿ ಚನ್ನಬಸಪ್ಪ ಎಂದೇ ಪ್ರಖ್ಯಾತರಾದುದು ಆ ಹುದ್ದೆಗಿದ್ದ ತೂಕವನ್ನು ಸೂಚಿಸುತ್ತದೆ. ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆಯಂತೂ ಹಳ್ಳಿಯ ಬಾಳನ್ನೇ ಬದಲಿಸಿತು. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ, ತಲಾಠಿಕೆ, ಕಚೇರಿಯ ಕಾರಕೂನಿಕೆಗಳ ಬಾಗಿಲು ತೆರೆಯುತ್ತಿತ್ತು. ಊರ ಗೌಡನ ಮಗನೂ ಕೂಲಿಯವನ ಮಗನೂ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು; ಉತ್ತರ ನೋಡುವವನಿಗೆ ಇಬ್ಬರ ಪರಿಚಯವೂ ಇರಲಿಲ್ಲ. ಹೊರಗಿನವರು ನಡೆಸುವ ಪರೀಕ್ಷೆಯನ್ನು ಇಂದು ಹಗುರವಾಗಿ ತೆಗಳುವವರು ಈ ಉಪಕಾರವನ್ನು ಮರೆಯಬಾರದು. ಬಡವನಿಗೆ ಅದು ಪಕ್ಷಪಾತದಿಂದ ರಕ್ಷಣೆ ಕೊಟ್ಟಿತು.

ಆದರೆ ಅದೇ ಕಾಲದಲ್ಲಿ ಮತ್ತೊಂದು ಪ್ರಯೋಗವೂ ನಡೆಯಿತು. ಇಂಗ್ಲೆಂಡಿನಲ್ಲಿ 1862ರ ನಿಯಮಾವಳಿಯಿಂದ, ಶಾಲೆಗೆ ದೊರೆಯುವ ಸರಕಾರದ ಹಣವನ್ನು ಇನ್‌ಸ್ಪೆಕ್ಟರರ ಮುಂದೆ ಮಕ್ಕಳು ಓದು, ಬರೆಹ, ಲೆಕ್ಕಗಳಲ್ಲಿ ಪಾಸಾದ ಎಣಿಕೆಗೆ ಕಟ್ಟಿಹಾಕಲಾಯಿತು. ಮುಂಬಯಿ ಪ್ರಾಂತದಲ್ಲಿಯೂ ಅನುದಾನಿತ ಶಾಲೆಗಳಿಗೆ 1860ರ ದಶಕದಲ್ಲಿ ಇದೇ ತತ್ತ್ವವನ್ನು ಅನ್ವಯಿಸಿದರು. ಫಲವಾದರೋ ನಿರೀಕ್ಷೆಗೆ ವಿರುದ್ಧ. ಪರೀಕ್ಷೆಗೆ ಬರುವ ಪುಸ್ತಕವನ್ನೇ ವರ್ಷವಿಡೀ ಬಾಯಿಪಾಠ ಮಾಡಿಸಿ ಓದಿದಂತೆ ತೋರಿಸುವ ಜಾಣ್ಮೆ ಬೆಳೆಯಿತು. ಸ್ವತಃ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್‌ರು ಇದನ್ನು ಬಲವಾಗಿ ವಿರೋಧಿಸಿದರು. ಇಂಗ್ಲೆಂಡು ಆ ಪದ್ಧತಿಯನ್ನು ಅದೇ ಶತಮಾನದ ಕೊನೆಯ ದಶಕದಲ್ಲಿ ಬಿಟ್ಟುಕೊಟ್ಟಿತು. ಭಾರತ ಸರಕಾರವೂ 1904ರ ಶಿಕ್ಷಣ ನಿರ್ಣಯದಲ್ಲಿ ಅದನ್ನು ಕೈಬಿಡಬೇಕೆಂದು ಹೇಳಿತು. ಆಣೆವಾರಿಯ ಲೆಕ್ಕಕ್ಕೆ ಬಹುಮಾನ ಕಟ್ಟಿದರೆ ಹೊಲ ಸುಧಾರಿಸುವುದಿಲ್ಲ, ಲೆಕ್ಕ ಮಾತ್ರ ಸುಧಾರಿಸುತ್ತದೆ. ನಾಲ್ಕು ದಶಕಗಳ ಆ ಅನುಭವದ ಸಾರ ಇಷ್ಟೇ.

ಅಂಕಿಯಿಲ್ಲದ ಪರೀಕ್ಷೆಗಳು

ಶಾಲೆಯ ಹೊರಗೆ, ಇದೇ ಜಿಲ್ಲೆಯಲ್ಲಿ, ಅಂಕಿಯ ಹಂಗಿಲ್ಲದೆ ಅತ್ಯಂತ ಕಟ್ಟುನಿಟ್ಟಾದ ಪರೀಕ್ಷೆಗಳು ನಡೆದಿವೆ. ನವಲಗುಂದದ ಜಮಖಾನೆಯನ್ನು ನೇಯುವ ಹೆಣ್ಣುಮಕ್ಕಳಿಗೆ ಮಗ್ಗವೇ ಪರೀಕ್ಷಕ. ಒಂದು ಎಳೆ ತಪ್ಪಿದರೆ ನವಿಲಿನ ಕೊರಳು ಆ ಸಾಲಿನಲ್ಲಿಯೇ ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ನೇಯಬೇಕು. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು ಮಾಡುವಲ್ಲಿಯೂ ಹಾಗೆಯೇ. ಕೀಲು ಕೂಡಿತೋ ಇಲ್ಲವೋ ಎಂಬುದನ್ನು ಕೀಲೇ ಹೇಳುತ್ತದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ 1930ರ ದಶಕದ ಕೊನೆಯ ವರ್ಷಗಳಲ್ಲಿ ಭೀಮಸೇನ ಜೋಶಿಯವರು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಕಲಿತರು. ಅಲ್ಲಿಯ ಕ್ರಮ ಸರ್ವವಿದಿತ. ಗುರು ಕೆಲವೇ ಸ್ವರಗಳ ಒಂದು ಪಲುಕನ್ನು ಹೇಳಿಕೊಡುವುದು, ಶಿಷ್ಯನು ಅದನ್ನು ಮರಳಿ ಮರಳಿ ಹಾಡುವುದು, ಅದು ಕೊರಳಲ್ಲಿ ನೆಲೆಯೂರಿದ ಮೇಲೆಯೇ ಮುಂದಿನದು. ಅಲ್ಲಿ ನೂರಕ್ಕೆ ಮೂವತ್ತೈದು ಎಂಬ ತೇರ್ಗಡೆಯಿಲ್ಲ. ಮೂವತ್ತೈದು ಪಾಲು ಶ್ರುತಿಯಲ್ಲಿದ್ದು ಉಳಿದುದು ಅಪಶ್ರುತಿಯಾದರೆ ಅದನ್ನು ಯಾರೂ ಸಂಗೀತವೆನ್ನುವುದಿಲ್ಲ. ತಪ್ಪಿದವನಿಗೆ ಅನುತ್ತೀರ್ಣನೆಂಬ ಹಣೆಪಟ್ಟಿಯೂ ಇಲ್ಲ; ಇರುವುದು ಮತ್ತೊಂದು ಸಾಧನೆಯ ದಿನ ಮಾತ್ರ.

ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು ಶಿಶುನಾಳ ಶರೀಫರನ್ನು ಶಿಷ್ಯನನ್ನಾಗಿ ಸ್ವೀಕರಿಸಿದ ಕಥೆ ಈ ಭಾಗದಲ್ಲಿ ಜನಜನಿತವಾದುದು. ನಿನ್ನ ತಂದೆ ಯಾರೆಂದು ಭಟ್ಟರು ಕೇಳಿದರಂತೆ. ನಿಮಗೂ ನನಗೂ ತಂದೆ ಒಬ್ಬನೇ ಎಂಬ ಅರ್ಥದ ಮಾತನ್ನು ಹುಡುಗ ಆಡಿದನಂತೆ. ಕಥೆಯ ಐತಿಹಾಸಿಕತೆ ಹೇಗೇ ಇರಲಿ, ಅದರೊಳಗಿನ ಶಿಕ್ಷಣತತ್ತ್ವ ಗಮನಾರ್ಹ. ಆ ಪ್ರಶ್ನೆಗೆ ಪುಸ್ತಕದ ಉತ್ತರವಿಲ್ಲ. ಅದು ಹುಡುಗನ ಸ್ಮರಣಶಕ್ತಿಯನ್ನು ಅಳೆಯಲಿಲ್ಲ. ಮುಂದೆ ಕಲಿಯಲು ಅವನ ಮನಸ್ಸು ಹದವಾಗಿದೆಯೇ ಎಂಬುದನ್ನು ನೋಡಿತು.

ವಚನವಾಙ್ಮಯದ ಅಭ್ಯಾಸಿಗಳಿಗೆ ಈ ತತ್ತ್ವದ ಅತ್ಯುನ್ನತ ರೂಪ ಶೂನ್ಯಸಂಪಾದನೆಯಲ್ಲಿ ದೊರೆಯುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಈ ಗ್ರಂಥದಲ್ಲಿ ವಚನಗಳು ಪ್ರಶ್ನೋತ್ತರಗಳಾಗಿ ಜೋಡಣೆಗೊಂಡಿವೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪ್ರಶ್ನಿಸುವ ಪ್ರಸಂಗ ಪ್ರಸಿದ್ಧವಾದುದು. ಅಲ್ಲಿ ಪ್ರಭುವಿನ ಪ್ರಶ್ನೆಗಳು ಮೊದಲೇ ಅಚ್ಚಾದ ಪ್ರಶ್ನೆಗಳಲ್ಲ. ಅಕ್ಕನ ಒಂದು ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಉತ್ತರ ಆಳಕ್ಕಿಳಿದಂತೆ ಪ್ರಶ್ನೆಯೂ ಆಳಕ್ಕಿಳಿಯುತ್ತದೆ. ಪ್ರಶ್ನೆ ಕಠಿಣವಾಗಿದೆ, ಒಮ್ಮೊಮ್ಮೆ ನಿಷ್ಠುರವೂ ಆಗಿದೆ. ಆದರೆ ಅದರ ಉದ್ದೇಶ ಉರುಳಿಸುವುದಲ್ಲ, ಒಳಗಿರುವುದನ್ನು ಎಲ್ಲರ ಮುಂದೆ ಬೆಳಕಿಗೆ ತರುವುದು. ಪರೀಕ್ಷೆ ಮುಗಿದಾಗ ಅನುಭವಮಂಟಪದ ಶರಣರೆಲ್ಲರೂ ಏನನ್ನೋ ಕಲಿತಿರುತ್ತಾರೆ. ಶರಣರ ಅನುಭಾವಗೋಷ್ಠಿ ಬೇರೆ, ಇಂದಿನ ತರಗತಿ ಬೇರೆ ಎಂಬುದು ನಿಜ. ಆದರೂ ಪ್ರಶ್ನೆ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮಾದರಿಯಿಲ್ಲ.

ತಪ್ಪಿನೊಳಗಣ ತಿಳಿವು

ಈಗ ಶಾಲೆಯ ದೈನಂದಿನ ಕಾರ್ಯಕ್ಕೆ ಬರಬಹುದು. 52ರಲ್ಲಿ 38 ಕಳೆಯಿರಿ ಎಂಬ ಲೆಕ್ಕವನ್ನು ಮೂವರು ಮಕ್ಕಳಿಗೆ ಕೊಟ್ಟಾಗ ಒಬ್ಬನು 26, ಒಬ್ಬಳು 24, ಮತ್ತೊಬ್ಬನು 90 ಎಂದು ಬರೆದರೆಂದು ಭಾವಿಸೋಣ. ಸರಿಯುತ್ತರ 14. ಅಂಕದ ಲೆಕ್ಕದಲ್ಲಿ ಮೂವರಿಗೂ ಸೊನ್ನೆಯೇ. ಆದರೆ ಮೂರು ತಪ್ಪುಗಳು ಮೂರು ಕಥೆ ಹೇಳುತ್ತವೆ. 26 ಬರೆದವನು ಬಿಡಿಸ್ಥಾನದಲ್ಲಿ 2ರಿಂದ 8 ಹೋಗದೆಂದು ಕಂಡು ತಿರುಗಿಸಿ 8ರಿಂದ 2 ಕಳೆದಿದ್ದಾನೆ. ಅವನಿಗೆ ದಶಕವನ್ನು ಬಿಡಿಸುವ ಕಲ್ಪನೆಯೇ ಬಂದಿಲ್ಲ. 24 ಬರೆದವಳು ದಶಕ ತಂದಿದ್ದಾಳೆ, ತಂದುದನ್ನು ದಶಕಸ್ಥಾನದಲ್ಲಿ ಇಳಿಸಲು ಮರೆತಿದ್ದಾಳೆ. ಅವಳಿಗೆ ಒಂದು ಮಾತಿನ ಎಚ್ಚರ ಸಾಕು. 90 ಬರೆದವನು ಕಳೆಯುವ ಬದಲು ಕೂಡಿಸಿದ್ದಾನೆ. ಅವನು ಚಿಹ್ನೆಯನ್ನೇ ನೋಡಿಲ್ಲ. ಮೊದಲನೆಯವನಿಗೆ ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ತೋರಿಸಬೇಕು, ಎರಡನೆಯವಳಿಗೆ ನೆನಪಿಸಬೇಕು, ಮೂರನೆಯವನನ್ನು ಲೆಕ್ಕ ಓದಿಸಬೇಕು. ಸೊನ್ನೆ ಎಂಬ ಅಂಕ ಈ ಮೂರು ಭೇದಗಳನ್ನೂ ಅಳಿಸಿಹಾಕುತ್ತದೆ.

ಉಕ್ತಲೇಖನದಲ್ಲಿಯೂ ಇದೇ ನ್ಯಾಯ. ಧಾರವಾಡ ಸೀಮೆಯ ಮಗು 'ಮನೆ' ಎಂಬುದನ್ನು 'ಮನಿ' ಎಂದೂ 'ಶಾಲೆ' ಎಂಬುದನ್ನು 'ಸಾಲಿ' ಎಂದೂ ಬರೆದರೆ, ಅದು ಅಕ್ಷರ ತಿಳಿಯದೆ ಮಾಡಿದ ತಪ್ಪಲ್ಲ. ತನ್ನ ಕಿವಿಗೆ ಬಿದ್ದ ತಾಯ್ನುಡಿಯನ್ನು ಅದು ನಿಷ್ಠೆಯಿಂದ ಬರೆದಿದೆ. ಧ್ವನಿಗೆ ತಕ್ಕ ಅಕ್ಷರ ಹಾಕುವುದು ಅದಕ್ಕೆ ಬಂದಿದೆಯೆಂಬುದಕ್ಕೆ ಅದೇ ಸಾಕ್ಷಿ. ಇನ್ನೊಂದು ಮಗು ಅದೇ ಪದವನ್ನು 'ಮೆನ' ಎಂದು ಬರೆದರೆ ಕಾಗುಣಿತವೇ ನೆಲೆಗೊಂಡಿಲ್ಲವೆಂದು ಅರ್ಥ. ಮೊದಲನೆಯ ಮಗುವಿಗೆ ಮನೆಯ ಮಾತಿಗೂ ಗ್ರಂಥದ ಮಾತಿಗೂ ಇರುವ ಭೇದವನ್ನು ಪ್ರೀತಿಯಿಂದ ತಿಳಿಸಬೇಕು; ಎರಡನೆಯದಕ್ಕೆ ಕಾಗುಣಿತವನ್ನು ಮತ್ತೆ ಕಲಿಸಬೇಕು. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ಮೊದಲನೆಯ ಮಗುವಿಗೆ ಅನ್ಯಾಯ, ಎರಡನೆಯದಕ್ಕೆ ನಷ್ಟ.

ಸಾಹಿತ್ಯದ ಪಾಠದಲ್ಲಿ ಪ್ರಶ್ನೆಯ ಬಗೆಯೇ ಕಲಿಕೆಯ ಬಗೆಯನ್ನು ನಿರ್ಣಯಿಸುತ್ತದೆ. ಒಂದು ವಚನವನ್ನು ಪಾಠ ಮಾಡಿದ ಮೇಲೆ ಬಿಟ್ಟ ಸ್ಥಳ ತುಂಬಿರಿ ಎನ್ನಬಹುದು. ಅಂಕಿತದಿಂದ ವಚನಕಾರರನ್ನು ಹೆಸರಿಸಿರಿ ಎನ್ನಬಹುದು. ಇವು ಸ್ಮರಣೆಯ ಪ್ರಶ್ನೆಗಳು, ಅವಶ್ಯವೂ ಹೌದು. ವಚನದಲ್ಲಿ ಬಂದ ಉಪಮೆ ಏನನ್ನು ಸೂಚಿಸುತ್ತದೆ ಎಂದರೆ ಅರ್ಥದ ಪ್ರಶ್ನೆ. ಅದೇ ಭಾವವನ್ನು ನಿಮ್ಮ ಊರಿನ ಕಾಯಕವೊಂದರಿಂದ ಹೋಲಿಕೆ ತೆಗೆದು ಹೇಳಿರಿ ಎಂದರೆ ಅನ್ವಯದ ಪ್ರಶ್ನೆ. ಒಂದೇ ವಿಷಯವನ್ನು ಕುರಿತ ಇಬ್ಬರು ಶರಣರ ವಚನಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದರೆ ವಿವೇಚನೆಯ ಪ್ರಶ್ನೆ. ಇತಿಹಾಸದಲ್ಲಿಯೂ ಹೀಗೆಯೇ. ಪಂಪನ ತಾಯಿ ಅಬ್ಬಣಬ್ಬೆಯ ಊರು ಯಾವುದೆಂದು ಅಣ್ಣಿಗೇರಿಯ ಮಕ್ಕಳನ್ನು ಕೇಳಿದರೆ ಒಂದೇ ಪದದ ಉತ್ತರ ಬರುತ್ತದೆ. ಅದು ಅಣ್ಣಿಗೇರಿಯೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂದು ಕೇಳಿದರೆ, ಕುರಿಕ್ಯಾಲದ ಶಾಸನವನ್ನೂ ಶಾಸನವೆಂಬ ಸಾಕ್ಷಿಯ ಬೆಲೆಯನ್ನೂ ಮಕ್ಕಳು ವಿಚಾರಿಸಬೇಕಾಗುತ್ತದೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಸ್ಮರಣೆಯಿಂದ ವಿವೇಚನೆಯವರೆಗೆ ಮೆಟ್ಟಿಲುಗಳಾಗಿ ವಿಂಗಡಿಸಿದುದು ಈ ಭೇದವನ್ನೇ. ಮೊದಲ ಮೆಟ್ಟಿಲಿನ ಪ್ರಶ್ನೆಗಳನ್ನೇ ಕೇಳುವ ಶಾಲೆ ಐಗಳ ಮಠದ ಗಿಳಿಪಾಠವನ್ನು ಹೊಸ ಕಟ್ಟಡದಲ್ಲಿ ಮುಂದುವರಿಸಿದಂತೆಯೇ ಸರಿ.

ತಪ್ಪನ್ನು ತಿದ್ದಿದ ಮೇಲೆ ಅಂಕವನ್ನೂ ಬರೆಯಬೇಕೇ ಎಂಬ ಪ್ರಶ್ನೆಯನ್ನು ಇಸ್ರೇಲಿನ ರೂತ್ ಬಟ್ಲರ್ ಎಂಬವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಸೂಚನೆಯ ಮಾತು ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಲಾಯಿತು. ಸೂಚನೆ ಮಾತ್ರ ಪಡೆದವರು ಮುಂದುವರಿದರು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಂತೆಯೇ ಉಳಿದರು. ಅಂಕವನ್ನು ಕಂಡ ಕಣ್ಣು ಮಾತನ್ನು ಓದುವುದಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಈ ದಿಕ್ಕಿನಲ್ಲಿ ಗಂಭೀರ ಪ್ರಯತ್ನಗಳು ನಡೆದಿಲ್ಲವೆಂದು ಹೇಳಲಾಗದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ' 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು. ಅದರಲ್ಲಿ ಕಲಿಕೆಯ ಏಣಿಯಿದೆ, ಮೆಟ್ಟಿಲು ಮೆಟ್ಟಿಲಿಗೆ ಕಾರ್ಡುಗಳಿವೆ, ಗೋಡೆಯ ಮೇಲೆ ಪ್ರತಿ ಮಗುವಿನ 'ಪ್ರಗತಿನೋಟ'ವಿದೆ. ಹತ್ತಿ ಬಿಡಿಸುವ ದಿನಗಳಲ್ಲಿ ಹದಿನೈದು ದಿನ ಶಾಲೆ ತಪ್ಪಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಷಟ್‌ಸ್ಥಲದ ಸಾಧಕನಿಗೆ ತಾನು ಯಾವ ಸ್ಥಲದಲ್ಲಿದ್ದೇನೆಂಬುದು ಮುಖ್ಯವೇ ಹೊರತು ತನ್ನ ಹಿಂದೆ ಎಷ್ಟು ಮಂದಿಯಿದ್ದಾರೆಂಬುದಲ್ಲ. ಆಧ್ಯಾತ್ಮಸಾಧನೆಗೂ ಅಕ್ಷರಾಭ್ಯಾಸಕ್ಕೂ ಅಂತರ ಬಹಳವಿದ್ದರೂ, ಮಗುವನ್ನು ಅದರ ನಿನ್ನೆಯೊಡನೆ ಹೋಲಿಸುವ ದೃಷ್ಟಿ ಎರಡಕ್ಕೂ ಸಮಾನ.

2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಮಕ್ಕಳನ್ನು ನಪಾಸು ಮಾಡಿ ಹಿಂದಕ್ಕೆ ಇಡುವುದನ್ನು ನಿಷೇಧಿಸಿ, ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ತತ್ತ್ವ ಉತ್ತಮವಾದುದು. ಆದರೆ ಆಚರಣೆಯಲ್ಲಿ ಎಷ್ಟೋ ಕಡೆ ನೋಟ ಹಿಂದೆ ಬಿದ್ದು ದಾಖಲೆ ಮುಂದೆ ಬಂದಿತು. ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ, ಮಕ್ಕಳ ಓದನ್ನು ಕೇಳಬೇಕಾದ ಹೊತ್ತು ನಮೂನೆಗಳನ್ನು ತುಂಬುವುದರಲ್ಲಿ ಕಳೆಯಿತು. ನಪಾಸು ಇಲ್ಲವೆಂಬುದನ್ನು ಕಲಿಸದಿದ್ದರೂ ನಡೆದೀತೆಂದು ಅರ್ಥಮಾಡಿಕೊಂಡವರೂ ಉಂಟು. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಐದು, ಎಂಟನೆಯ ತರಗತಿಗಳ ಕೊನೆಗೆ ಪರೀಕ್ಷೆಗೆ ಅವಕಾಶವಾಯಿತು. ಕರ್ನಾಟಕ ಸರಕಾರ 2023ರ ಮಾರ್ಚಿನಲ್ಲಿ ಈ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸಿತು. 2024ರಲ್ಲಿ ಅದನ್ನು ಒಂಬತ್ತನೆಯ ತರಗತಿಗೂ ವಿಸ್ತರಿಸಿತು. ಎರಡೂ ವರ್ಷ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶ ಪ್ರಕಟಣೆಯನ್ನೇ ತಡೆಯಿತು. ಹತ್ತು ವರ್ಷದ ಮಕ್ಕಳು ಪರೀಕ್ಷೆ ಬರೆದರು; ಅದರಿಂದ ಅವರಿಗೆ ತಿಳಿಯಬೇಕಾದುದು ತಿಳಿಯಲಿಲ್ಲ.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಈಚಿನ ಅನುಭವವೂ ವಿಚಾರಾರ್ಹ. 2023ರಲ್ಲಿ ರಾಜ್ಯದ ಫಲಿತಾಂಶ ನೂರಕ್ಕೆ 83.89 ಇದ್ದಿತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ, ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆಯೂ ಅದು 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಗ್ಗಿತೆಂದು ಯಾರೂ ಹೇಳಲಾರರು, ಬದಲಾದುದು ಅಳತೆ. ಫಲಿತಾಂಶದ ಶೇಕಡಾವಾರಿನ ಮೇಲೆ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ, ಕೆಳಗೆ ಬಿದ್ದವರಿಂದ ಉತ್ತರ ಕೇಳುವ ಪದ್ಧತಿ ಇರುವವರೆಗೆ, 1860ರ ದಶಕದ ಪ್ರಯೋಗದ ಫಲವೇ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ಅದೇ 2024ರಲ್ಲಿ ವರ್ಷಕ್ಕೆ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಕೊಟ್ಟುದು ಮಾತ್ರ ಸ್ವಾಗತಾರ್ಹ. ಒಮ್ಮೆ ಎಡವಿದವನಿಗೆ ಮತ್ತೊಂದು ಸರದಿ ಉಂಟೆಂಬ ಕುಂದಗೋಳದ ಗುರುವಿನ ನ್ಯಾಯ ಅದರಲ್ಲಿ ಸ್ವಲ್ಪಮಟ್ಟಿಗಾದರೂ ಇದೆ.

ಇವೆಲ್ಲದರಿಂದ ಹೊರಡುವ ನಿಲುವು ಒಂದೇ. ಹೊರಗಿನ ಪರೀಕ್ಷೆಯೂ ಬೇಕು, ಒಳಗಿನ ನೋಟವೂ ಬೇಕು. ಆದರೆ ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು. ಹತ್ತನೆಯ ತರಗತಿಯ ಕೊನೆಗೆ ನಿಷ್ಪಕ್ಷಪಾತವಾದ ಪ್ರಮಾಣಪತ್ರ ದೊರೆಯಬೇಕು; ಹಳ್ಳಿಯ ಮಗುವಿಗೆ ಅದು ಇಂದಿಗೂ ಅಂದಿನ ಮುಲ್ಕಿಯಂತೆ ಆಸರೆ. ಒಳಗಿನ ಅಂಕಗಳನ್ನು ಉದಾರವಾಗಿ ಹಂಚಿ ಆ ಪ್ರಮಾಣಪತ್ರದ ಬೆಲೆ ಕಳೆಯುವುದು ಬಡವರಿಗೇ ಮಾಡುವ ದ್ರೋಹ. ಇತ್ತ ಕೆಳಗಿನ ತರಗತಿಗಳಲ್ಲಿ ಅಂಕಕ್ಕಿಂತ ನೋಟ ಮುಖ್ಯ. ಪ್ರತಿ ಮಗುವಿನಿಂದ ವಾರಕ್ಕೊಮ್ಮೆ ಹೊಸದೊಂದು ಪುಟವನ್ನು ಗಟ್ಟಿಯಾಗಿ ಓದಿಸಿ ಕೇಳುವುದು, ಐದು ಬಾಯಿಲೆಕ್ಕ ಕೇಳಿ ಹೇಗೆ ಮಾಡಿದೆ ಎಂದು ವಿಚಾರಿಸುವುದು, ಓದಿದುದನ್ನು ತನ್ನ ಮಾತಿನಲ್ಲಿ ಹೇಳಿಸುವುದು, ತಿದ್ದಿದ ಬರೆಹವನ್ನು ಮತ್ತೊಮ್ಮೆ ಬರೆಸುವುದು, ತಿಂಗಳ ಹಿಂದಿನ ವಹಿಯನ್ನು ಮಗುವಿಗೇ ತೋರಿಸಿ ಆಗಿನ ತಪ್ಪನ್ನು ಅದರಿಂದಲೇ ಗುರುತಿಸಿಸುವುದು, ಇವಕ್ಕೆ ಹಣ ಬೇಕಾಗಿಲ್ಲ. ಬೇಕಾದುದು ಸಮಯ. ಆ ಸಮಯವನ್ನು ಶಿಕ್ಷಕನಿಗೆ ಉಳಿಸಿಕೊಡುವುದು ಸರಕಾರದ ಹೊಣೆ. ಉಳಿದ ಸಮಯವನ್ನು ಮಗುವಿಗೆ ಕೊಡುವುದು ಶಿಕ್ಷಕನ ಕಾಯಕ.

ತಾಯಿತಂದೆಗಳದೂ ಒಂದು ಕರ್ತವ್ಯವಿದೆ. ಮಗು ಮನೆಗೆ ಬಂದಾಗ ಎಷ್ಟು ಅಂಕ ಬಂತು ಎಂದು ಕೇಳುವ ಬದಲು, ನಿನ್ನೆ ಬಾರದ್ದು ಇಂದು ಯಾವುದು ಬಂತು ಎಂದು ಕೇಳಬಹುದು. ಓದು ಬಾರದ ತಾಯಿಯೂ ಈ ಪ್ರಶ್ನೆಯನ್ನು ಕೇಳಬಲ್ಲಳು. ಅದಕ್ಕೆ ಉತ್ತರ ಹೇಳುತ್ತಾ ಮಗು ತಾನು ಕಲಿತುದನ್ನು ತಾನೇ ಒರೆಗೆ ಹಚ್ಚಿಕೊಳ್ಳುತ್ತದೆ. ಬೆಳೆಯುವ ಮಗುವಿನ ಮುಂದಿನ ಹೆಜ್ಜೆಗೆ ನೆರವಾಗುವ ಪರೀಕ್ಷೆಯೇ ಪರೀಕ್ಷೆ, ಉಳಿದುದು ಲೆಕ್ಕ.